ಕಪಾಟಿನಿಂದ ಬಂದವರು

ಗೃಹಪ್ರವೇಶದ ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು, ಯಾವ ಚೀಲದಲ್ಲಿ ಸಕ್ಕರೆ ಡಬ್ಬಿ ಇದೆಯೆಂದು ಹುಡುಕುತ್ತಿದ್ದೆ. ಡಬ್ಬಿ ಸಿಕ್ಕಿತು. ಅಷ್ಟರಲ್ಲಿ ಅಡಿಗೆಮನೆಯ ಗೋಡೆಯಲ್ಲಿದ್ದ ಹಸಿರು ಬಣ್ಣದ ಕಪಾಟು ಕಿರ್ರೆಂದಿತು. ಅದರ ಎರಡೂ ಬಾಗಿಲು ಆಚೆಗೆ ತೆರೆದುಕೊಂಡವು. ಒಳಗಿನಿಂದ ಮೊದಲು ಒಂದು ಕೈ ಬಂತು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಆಮೇಲೆ ತಲೆ ತಗ್ಗಿಸಿಕೊಂಡು ಇಡೀ ಒಬ್ಬ ಮುದುಕಿಯೇ ಬಂದರು. ಡಬ್ಬಿ ನನ್ನ ಕೈಯಿಂದ ಬಿದ್ದು ಸಕ್ಕರೆಯೆಲ್ಲ ನೆಲದ ಪಾಲಾಯಿತು.

"ಹೆದರಿದ್ಯಾ ಮಗಾ? ನಾನು ಪಕ್ಕದ ಮನೆಯವಳು. ಕಳ್ಳಿ ಆಗಿದ್ರೆ ತಿಂಡಿ ತಟ್ಟೆ ಹಿಡ್ಕಂಡು ಬರ್ತಿದ್ನಾ?"

ನಾವು ಮನೆ ಕೊಂಡಾಗ ಅದನ್ನು ಕಪಾಟು ಎಂದೇ ತಿಳಿದಿದ್ದೆವು. ಎಳೆದರೆ ಬರಲಿಲ್ಲ. ಮಳೆಗೆ ಮರ ಉಬ್ಬಿರಬೇಕು, ಬಿಡುವಾದಾಗ ಬಡಗಿಯನ್ನು ಕರೆಸಿದರಾಯಿತು ಎಂದುಕೊಂಡಿದ್ದೆ. ಅದರ ಚಿಲಕ ಆಚೆ ಮನೆಯ ಬದಿಗಿದೆ ಎಂದು ಹೇಗೆ ಹೊಳೆಯಬೇಕು?

ಆ ಅಮ್ಮ ಸಕ್ಕರೆ ತುಳಿಯದಂತೆ ಬದಿಯಿಂದ ನಡೆದು, ಹುಟ್ಟಿದಂದಿನಿಂದ ಗೊತ್ತಿರುವ ದಾರಿಯ ಹಾಗೆ, ನಮ್ಮ ನಡುಮನೆಗೆ ಹೋದರು. ನಾನು ಹಿಂದೆಯೇ ಹೋದೆ. ಎದುರು ಗೋಡೆಯ ಹತ್ತಿರ ಅವರು ನಿಂತುಬಿಟ್ಟರು. ಅಲ್ಲಿ ನಮ್ಮ ದೇವರ ಮಂಟಪವಿತ್ತು. ಹಿಂದಿನ ದಿನವಷ್ಟೇ ಭಟ್ಟರು ಪೂಜೆ ಮಾಡಿ ಇಡಗುಂಜಿ ಗಣಪತಿಯ ಪಟವನ್ನು ಅದರಲ್ಲಿ ಕೂರಿಸಿದ್ದರು. ದೀಪ ಉರಿಯುತ್ತಿತ್ತು.

"ಓ, ಇಲ್ಲಿ ದೇವರು ಕೂತಿದ್ದಾರೆ," ಎಂದರು. ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು. "ಆತು ಮಗಾ, ಆತು." ತಿರುಗಿ ಬಂದ ದಾರಿಯಲ್ಲೇ ಹೋಗಿ ಬಾಗಿಲು ಹಾಕಿಕೊಂಡರು. ಆಚೆಯಿಂದ ಚಿಲಕ ಬಿದ್ದ ಸದ್ದು ಕೇಳಿತು.

ಭಟ್ಕಳದಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ವರ್ಷಗಳಾದವು. ಈ ಬೀದಿಯ ಹೆಂಗಸರ ತೋಳಿನ ಅಳತೆ, ಸೊಂಟದ ಅಳತೆ ನನಗೆ ಬಾಯಿಪಾಠ. ಈ ಮನೆ ಮಾರಿದವರ ಹೆಣ್ಣುಮಕ್ಕಳ ಮದುವೆ ಬಟ್ಟೆಗಳನ್ನು ಹೊಲಿದವಳೂ ನಾನೇ. ಆ ನಂಬಿಕೆಯಿಂದಲೇ ಅವರು, ಹೆದ್ದಾರಿ ಬದಿಯ ಹೊಸ ಮನೆಗೆ ಹೋಗುವಾಗ, ಮೊದಲು ನಮ್ಮನ್ನು ಕೇಳಿದ್ದು. ಅಕ್ಕಸಾಲಿಗರು, ನವಾಯತ ಮುಸ್ಲಿಮರು, ಬೇಕರಿಯ ಕ್ರಿಸ್ತುವರು, ಈಗ ಕಾಸರಕೋಡದ ಮೀನುಗಾರರ ಮನೆಯ ಮಗಳಾದ ನಾನು, ಎಲ್ಲರ ಮನೆಗಳೂ ಇಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಆದರೆ ಅಳತೆ ತೆಗೆದದ್ದೆಲ್ಲ ಅವರವರ ಮನೆಯ ಮುಂದಿನ ಕೋಣೆಯಲ್ಲಿ. ಯಾರ ಅಡಿಗೆಮನೆಯನ್ನೂ ನಾನು ನೋಡಿರಲಿಲ್ಲ.

ನಡೆದದ್ದನ್ನು ನಾನು ಹೇಳಿದಾಗ ನಮ್ಮವರು ಕಪಾಟಿನ ಬಾಗಿಲನ್ನು ಕೈಯಿಂದ ತಟ್ಟಿ ನೋಡಿದರು.

"ನಮ್ಮ ಮನೆ ಅಂದ್ರೆ ಎಂತ ಬಸ್ ಸ್ಟ್ಯಾಂಡಾ? ನಾಳೆಯೇ ಗೌಂಡಿ ಕರಿತೆ. ಕಲ್ಲು ಇಟ್ಟು ಮುಚ್ಚಿಬಿಡ್ಲಿ."

ನಾನು ಬೇಡವೆನ್ನಲಿಲ್ಲ. ಬಾಡಿಗೆ ಮನೆಗಳಲ್ಲಿ ಮಾಲೀಕರು ಹೇಳದೆ ಕೇಳದೆ ಒಳಗೆ ಬಂದು ಗೋಡೆಗೆ ಮೊಳೆ ಹೊಡೆದಿದ್ದೀರಾ ಎಂದು ನೋಡುತ್ತಿದ್ದರು. ನಮ್ಮದೇ ಒಂದು ಬಾಗಿಲು, ನಾವು ತೆಗೆದರೆ ತೆಗೆಯಬೇಕು, ಹಾಕಿದರೆ ಹಾಕಬೇಕು: ಅಷ್ಟು ಆಸೆಯಿಂದ ಕೊಂಡ ಮನೆ ಅದು.

ಮಧ್ಯಾಹ್ನ ಇನ್ನೊಂದು ಬದಿಯ ಮನೆಯ ಸೊಸೆ ಬೀದಿ ಬಾಗಿಲಿಗೆ ಬಂದಳು. "ಅಕ್ಕ, ಆ ಬದಿ ಮನೆ ದೊಡ್ಡಮ್ಮ ಇವತ್ತು ಬರ್ಲೇ ಇಲ್ಲ. ನಮ್ಮತ್ತೆ ಊಟ ಮುಟ್ಟಲಿಲ್ಲ. ಒಂದು ಸಲ ಬಂದು ನೋಡಿ."

ಹೋದೆ. ಮಂಚದಲ್ಲಿ ಇನ್ನೊಬ್ಬ ಮುದುಕಿ ಮಲಗಿದ್ದರು. ನನ್ನ ಅಡಿಗೆಮನೆಗೆ ಬಂದವರ ತಂಗಿ. ಏಳಲಾಗದು. ಅವರ ಎದುರಿನ ಗೋಡೆಯಲ್ಲೂ ಹಸಿರು ಬಾಗಿಲು. ನಮ್ಮ ನಡುಮನೆಯಲ್ಲಿ ಅದೂ ತೆರೆಯದ ಕಪಾಟೆಂದೇ ತಿಳಿದು, ಅದಕ್ಕೆ ಅಡ್ಡವಾಗಿ ಮಂಟಪ ಇಟ್ಟಿದ್ದೆವು. ಈ ಕಡೆಯಿಂದ ಅದು ತೆರೆದೇ ಇತ್ತು. ಬಾಗಿಲಿನ ಆಚೆ ನಮ್ಮ ಮಂಟಪದ ಬೆನ್ನು ಕಂಡಿತು: ಬಣ್ಣವಿಲ್ಲದ ಪ್ಲೈವುಡ್, ಅದರ ಮೇಲೆ ಬಡಗಿಯ ಪೆನ್ಸಿಲ್ ಗೀಟುಗಳು. ಹಿಂದಿನ ದಿನದಿಂದ ಆ ತಾಯಿ ನೋಡುತ್ತಾ ಮಲಗಿದ್ದು ಅದನ್ನೇ.

ಅದೇ ಹಲಗೆಯ ಇನ್ನೊಂದು ಮುಖದಲ್ಲಿ ನಾನು ಹೂವೇರಿಸಿ ಕೈಮುಗಿದಿದ್ದೆ.

"ಇಬ್ರೂ ಒಂದೇ ಮನೆ ಮಕ್ಕಳು," ಎಂದಳು ಸೊಸೆ. "ಹೆಂಗಸರು ಬೀದಿಗಿಳಿಯದೆ ಹೋಗಿಬರಲಿಕ್ಕೆ ಅಂತ ಹಳೆ ಮನೆಗಳಿಗೆಲ್ಲ ಹೀಗೆ ಬಾಗಿಲು ಇಡ್ತಿದ್ರು. ದಿನಾ ಬೆಳಿಗ್ಗೆ ದೊಡ್ಡಮ್ಮ ಬಂದು ತಿನ್ನಿಸಿದ್ರೆ ಮಾತ್ರ ಇವರು ತಿನ್ನೋದು."

"ಮಾರುವಾಗ ಯಾರೂ ಹೇಳಲಿಲ್ವಲ್ಲೇ?"

"ಮನೆಗೆ ಕಿಟಕಿ ಇದೆ ಅಂತ ಯಾರಾದ್ರೂ ಹೇಳ್ತಾರಾ ಅಕ್ಕ? ನಿಮಗೆ ಗೊತ್ತಿರ್ತದೆ ಅಂತ ಮಾಡಿದ್ವಿ."

ಮನೆಗೆ ಬಂದು ಭಟ್ಟರಿಗೆ ಫೋನ್ ಮಾಡಿದೆ. ಕೂರಿಸಿದ ದೇವರನ್ನು ಮಾರನೇ ದಿನವೇ ಎಬ್ಬಿಸಬಹುದೇ?

"ದೇವ್ರಿಗೆ ಎಂತದೂ ತೊಂದ್ರೆ ಇಲ್ಲೆ," ಎಂದರು ಅವರು. "ನಿಮ್ಮ ಯಜಮಾನ್ರಿಗೆ ಇದ್ರೆ ಅದಕ್ಕೆ ನನ್ನ ಹತ್ರ ಮಂತ್ರ ಇಲ್ಲೆ."

ಯಜಮಾನರಿಗೆ ಇತ್ತು. ನಾನು ಆ ಪೆನ್ಸಿಲ್ ಗೀಟುಗಳ ವಿಷಯ ಹೇಳಿದರೂ, "ಪಾಪ ಹೌದು. ಆದ್ರೆ ಬೀದಿ ಇದೆಯಲ್ಲ, ನಡು ಒಂದು ಮನೆ ದಾಟಿ ಬರ್ಲಿಕ್ಕೆ ಎಂತ ಕಷ್ಟ?" ಎಂದು ಬೆನ್ನು ತಿರುಗಿಸಿ ಮಲಗಿದರು.

ಮರುದಿನ ಬೆಳಿಗ್ಗೆ ಅವರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಯಾರೋ ನೆಂಟರು ಎಂದುಕೊಂಡು ಹೊರಗೆ ಬಂದೆ. ಆಟೋ ನಿಂತದ್ದು ಪಕ್ಕದ ಮನೆಯೆದುರು. ಕಪ್ಪು ಬುರ್ಖಾ ಹಾಕಿದ ದೊಡ್ಡಮ್ಮ ಮೆಟ್ಟಿಲಿಳಿಯುತ್ತಿದ್ದರು. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಆ ಎತ್ತರದ ಕಲ್ಲಿನ ಮೆಟ್ಟಿಲುಗಳನ್ನು ಕೂತು, ಎದ್ದು, ಮತ್ತೆ ಕೂತು ಇಳಿದರು. ಬೇಕರಿಯವರು ಹೊರಗೆ ಬಂದು ನೋಡುತ್ತಾ ನಿಂತರು.

"ಎಲ್ಲಿಗೆ ಅಮ್ಮ? ಆಸ್ಪತ್ರೆಗಾ?" ಆಟೋದವನು ಕೇಳಿದ.

"ಅಲ್ಲಿಗೆ." ಅವರು ನಮ್ಮ ಮನೆ ದಾಟಿ ಆಚೆಯ ಬಾಗಿಲಿನ ಕಡೆ ಕೈ ತೋರಿಸಿದರು.

ಆಟೋದವನು ಅವರನ್ನು ನೋಡಿದ, ನಮ್ಮನ್ನು ನೋಡಿದ. ಗಾಡಿ ಶುರು ಮಾಡಿದ. ಆಟೋ ನಮ್ಮ ಜಗುಲಿಯೆದುರು ಹಾದು, ಸದ್ದು ಏರುವ ಮೊದಲೇ ನಿಂತಿತು. ಅಲ್ಲಿ ಮತ್ತೆ ಮೆಟ್ಟಿಲು ಹತ್ತುವ ಪಾಡು.

ನಮ್ಮವರ ಕೈಯಲ್ಲಿದ್ದ ಪೇಪರ್ ಅಲುಗಲಿಲ್ಲ. ಕಣ್ಣು ಮಾತ್ರ ಆ ಮೆಟ್ಟಿಲುಗಳ ಮೇಲಿತ್ತು. ಆಮೇಲೆ ಪೇಪರ್ ಮಡಚಿಟ್ಟು ಒಳಗೆ ಹೋದರು. ದೀಪ ಆರಿಸಿದರು, ಪಟ ತೆಗೆದು ಎದೆಗೆ ಒರಗಿಸಿಕೊಂಡರು.

"ನಿಂತು ಎಂತ ನೋಡ್ತೆ? ಆ ಬದಿ ಹಿಡಿ."

ಮಂಟಪ ಕರಕರ ಎನ್ನುತ್ತಾ ಜರುಗಿತು. ಹಸಿರು ಬಾಗಿಲಿನ ಆಚೆ ಮಂಚ ಕಂಡಿತು, ಮಂಚದ ಮೇಲೆ ದೊಡ್ಡಮ್ಮ ತಂಗಿಯ ಬಾಯಿಗೆ ತುತ್ತು ಇಡುತ್ತಿದ್ದರು. ಇಬ್ಬರೂ ನಮ್ಮ ಕಡೆ ತಿರುಗಿದರು.

"ಇವತ್ತೇ ತೆಗೀತೀರಿ ಅಂತ ಗೊತ್ತಿದ್ರೆ ರಿಕ್ಷಾ ಹತ್ತುತ್ತಿರಲಿಲ್ಲ ನಾನು," ಎಂದರು ದೊಡ್ಡಮ್ಮ. "ಮಂಡಿ ಬಿಚ್ಚಿಹೋತು."

ತಂಗಿಯ ಬಾಯಲ್ಲಿ ತುತ್ತಿತ್ತು. ಅವರು ನಮ್ಮ ನಡುಮನೆಯನ್ನು ಮೂಲೆ ಮೂಲೆ ನೋಡುತ್ತಾ ಅಗಿಯುತ್ತಿದ್ದರು.

ದೊಡ್ಡಮ್ಮ ಮನೆಗೆ ಮರಳಿದ್ದು ನಮ್ಮ ಮನೆಯ ಒಳಗಿನಿಂದಲೇ. ಬರಿಮೈಯಲ್ಲಿ, ಲುಂಗಿ ಸುತ್ತಿ, ಗಣಪತಿ ಪಟ ಹಿಡಿದು ನಿಂತಿದ್ದ ನಮ್ಮವರು ಗೋಡೆಗೆ ಒತ್ತಿ ದಾರಿ ಬಿಟ್ಟರು. ಅಡಿಗೆಮನೆಯಲ್ಲಿ ದೊಡ್ಡಮ್ಮ ನನ್ನ ಪಾತ್ರೆಯ ಮುಚ್ಚಳ ಎತ್ತಿ ಮೂಸಿ, ಮುಚ್ಚಿ, ಕಪಾಟನ್ನು ತಟ್ಟಿ, ಮನೆಯವರು ಆಚೆಯಿಂದ ತೆರೆದ ಮೇಲೆ ಅದರೊಳಗೆ ಹೋದರು. ಚಿಲಕ ಬಿತ್ತು.

ದೇವರಿಗೆ ಹೊಸ ಜಾಗ ಇನ್ನೂ ಆಗಿರಲಿಲ್ಲ. ಪಟ ಹಿಡಿದುಕೊಂಡೇ ನಮ್ಮವರು ಕೇಳಿದರು: "ನಾಳೆ ಎಷ್ಟೊತ್ತಿಗೆ ಬರ್ತಾರಂತೆ?"

"ಎಂತಕ್ಕೆ?"

"ಅಂಗಿ ಹಾಕಿಕೊಂಡಿರಬೇಕಲ್ಲ ಮಾರಾಯ್ತಿ."