ಅತಿಥಿಗಳು ಎಣಿಸಿಹೋದ ಬಸ್ಸು

ತೆಲೇಸಿಯಮ್ಮ ಯಾರಿಗೂ ಬಗ್ಗಿದ ಹೆಂಗಸಲ್ಲ. ಹುಡುಗಿಯಾಗಿದ್ದಾಗ ಚರ್ಚಿನ ಹಾಡುಗುಂಪಿನಲ್ಲಿ ಪಾದ್ರಿಯ ಹೆಂಡತಿಗಿಂತ ಎತ್ತರದ ದನಿ ತೆಗೆದರೆಂದು ಅವರನ್ನು ಹಿಂದಿನ ಸಾಲಿಗೆ ನೂಕಿದರಂತೆ. ಅಲ್ಲಿಂದ ಇನ್ನೂ ಎತ್ತರಿಸಿ ಹಾಡಿದರಂತೆ. ಗಂಡ ತೀರಿಕೊಂಡಾಗ ಭಾವಂದಿರು ಟಾರೊ ಗೆಡ್ಡೆಯ ಹೊಲ ಕೇಳಲು ಬಂದರು. ತೆಲೇಸಿಯಮ್ಮ ಮಚ್ಚನ್ನು ಮಡಿಲಲ್ಲಿಟ್ಟುಕೊಂಡು ಹೊಲದ ನಡುವೆ ಕೂತರು, ಅಷ್ಟೆ. ಹೊಲ ಇವತ್ತಿಗೂ ಅವರದೇ.

ಸಕ್ಕರೆ ಕಾಯಿಲೆ ಮಾತ್ರ ಅವರಿಗೆ ಹೆದರಲಿಲ್ಲ. ಮೂತ್ರಪಿಂಡಗಳೆರಡೂ ಕೈಕೊಟ್ಟವು. ವಾರಕ್ಕೆ ಮೂರು ಸಲ ನಮ್ಮ ದ್ವೀಪದ ರಾಜಧಾನಿ ಆಪಿಯಾದ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ನಮ್ಮ ಮೌಗಾಲೋತೊ ಬೆಟ್ಟದಿಂದ ಪಟ್ಟಣಕ್ಕಿಳಿಯುವುದು ಒಂದೇ ಬಸ್ಸು, ಅದನ್ನು ಓಡಿಸುವವನು ನಾನು. ಮರದ ಮೈ, ಮರದ ಸೀಟು. ಸೀಟು ತುಂಬಿದರೆ ಬಂದವರು ಕೂತವರ ತೊಡೆಯ ಮೇಲೆ ಕೂರುತ್ತಾರೆ. ನನ್ನ ಬೆನ್ನ ಹಿಂದಿನ ಸೀಟು ತೆಲೇಸಿಯಮ್ಮನದು. "ಫಿಲಿಪೋ, ಬ್ರೇಕ್ ಇದ್ಯಾ, ಇಲ್ಲಾ ಪ್ರಾರ್ಥನೆ ಮಾಡ್ಕೊಳ್ಲಾ?" ಎಂದು ಕೇಳಿಯೇ ಕೂರುವುದು.

ಆಪಿಯಾ ಕರಾವಳಿಗುಂಟ ಬೆಳೆಯುತ್ತಲೇ ಇದೆ. ಮುಂದಿನ ಮೂವತ್ತು ವರ್ಷ ಎಲ್ಲೆಲ್ಲಿ ಬಸ್ಸು ಓಡಬೇಕೆಂದು ಯೋಜನೆ ಮಾಡಲು ಒಂದು ಕಚೇರಿ ಹುಟ್ಟಿಕೊಂಡಿತು. ಜನರನ್ನು ಎಣಿಸಲು ಅವರ ಕಡೆಯ ಇಬ್ಬರು ನಮ್ಮ ಬಸ್ಸಿಗೂ ಬರುವವರಿದ್ದರು. ಹಿಂದಿನ ಸಂಜೆ ಊರ ಮುಖ್ಯಸ್ಥ ಸಗಪೋಲು ಸಾರಿಸಿದರು: ಪಟ್ಟಣದಿಂದ ಅತಿಥಿಗಳು ಬರುತ್ತಿದ್ದಾರೆ, ಬಸ್ಸನ್ನು ಅವರಿಗೆ ಬಿಟ್ಟುಕೊಡಿ, ಇಕ್ಕಟ್ಟು ಮಾಡಿ ಊರಿನ ಮಾನ ಕಳೆಯಬೇಡಿ. ನಮ್ಮಲ್ಲಿ ಅತಿಥಿ ಉಂಡ ಮೇಲೆಯೇ ಮನೆಯವರು ಉಣ್ಣುವುದು. ಇಡೀ ಊರು ಮನೆಯಲ್ಲೇ ಉಳಿಯಿತು. ರಕ್ತ ಕಾಯುವುದಿಲ್ಲವೆಂದು ತೆಲೇಸಿಯಮ್ಮ ಒಬ್ಬರೇ ಹತ್ತಿದರು. ಬಂದವರು ಕಾಲು ಚಾಚಿ ಕೂತು, ಎಳನೀರು ಕುಡಿದು, ಸಂತೋಷವಾಗಿ ಬರೆದುಕೊಂಡು ಹೋದರು: ಪ್ರಯಾಣಿಕರು ಒಬ್ಬರು.

ಕರಡು ನಕ್ಷೆ ಬಂತು. ಕರಾವಳಿ ರಸ್ತೆಯುದ್ದಕ್ಕೂ ದಪ್ಪ ಕೆಂಪು ಗೆರೆ, ನಮ್ಮ ಬೆಟ್ಟದ ರಸ್ತೆಗೆ ಏನೂ ಇಲ್ಲ. ಪರವಾನಗಿ ಮುಗಿದ ಮೇಲೆ ಬಸ್ಸು ನಿಲ್ಲುತ್ತದಂತೆ, ಜನ ಕರಾವಳಿಯವರೆಗೆ ನಡೆಯಬೇಕಂತೆ. ರಕ್ತ ತೊಳೆಸಿಕೊಂಡ ದಿನ ತೆಲೇಸಿಯಮ್ಮನಿಗೆ ಬಸ್ಸಿಳಿದು ತಮ್ಮ ಅಂಗಳ ದಾಟುವುದೇ ಸಾಕುಸಾಕಾಗುತ್ತದೆ. ಆ ಏರು ಹತ್ತಿದರೆ ಸತ್ತೇ ಹೋಗುತ್ತಾರೆ. ಇದು ಊರಿಗೆಲ್ಲ ಗೊತ್ತು. ಆದರೂ ಊರು ಬಾಯಿಗೆ ಬೀಗ ಹಾಕಿಕೊಂಡಿತು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ತೆಲೇಸಿಯಮ್ಮ ಸೀದಾ ಸಗಪೋಲು ಮನೆಗೆ ಹೋದರು.

"ಯಜಮಾನ್ರೇ, ಆವತ್ತು ಜನಾನ ತಡೆದಿದ್ದು ನೀವೇ ಅಂತ ಆ ಕಚೇರಿಗೆ ಬಂದು ಹೇಳಿ."

"ಅತಿಥಿಗಳ ಲೆಕ್ಕ ತಪ್ಪು ಅಂತ ಹೇಳೋದಾ? ಊರಿನ ಮಾನ ಏನಾಗ್ಬೇಕು?"

"ನಿಮ್ಮ ಮಾನ ನನ್ನ ರಕ್ತ ತೊಳಿಯುತ್ತಾ? ಹಾಗಿದ್ರೆ ನಾಳೆಯಿಂದ ಇಲ್ಲಿಗೇ ಬರ್ತೀನಿ."

ಮುಖ್ಯಸ್ಥರಿಗೆ ಎದುರಾಡಿದರೆ ಊರಸಭೆ ಹಂದಿ ದಂಡ ಹಾಕುತ್ತದೆ. ಹಾಕಿತು. ತೆಲೇಸಿಯಮ್ಮ ಕೊಟ್ಟಿಗೆಯಲ್ಲಿದ್ದ ಅತಿ ದೊಡ್ಡ ಹಂದಿಯನ್ನೇ ಹೊಡೆದುಕೊಂಡು ಬಂದು, "ಮುಂದೆ ಆಡೋ ಮಾತಿಗೂ ಸೇರಿಸಿ ಇಟ್ಕೊಳ್ಳಿ" ಎಂದರು.

ಮರುದಿನ ಆಪಿಯಾದಲ್ಲಿ ಯೋಜನೆಯ ಅಹವಾಲು ಸಭೆ. ನಾನೇ ಕರೆದುಕೊಂಡು ಹೋದೆ. ಕೇಳಲು ಕೂತಿದ್ದ ಅಧಿಕಾರಿ ರೂತಾ, ಆಕ್ಲೆಂಡಿನಲ್ಲಿ ಓದಿ ಬಂದ ನಮ್ಮದೇ ಹುಡುಗಿ.

"ಹತ್ತಿದ್ದು ಒಬ್ರೇ ಅಂತ ಇದೆಯಲ್ಲಮ್ಮ. ಬೇರೆಯೋರು ಯಾಕೆ ಹತ್ಲಿಲ್ಲ?"

"ನೀವು ಬಂದ್ರಿ ಅಂತ."

ರೂತಾ ಪೆನ್ನು ಕೆಳಗಿಟ್ಟಳು. ಅವಳನ್ನೂ ಯಾವುದೋ ಅಜ್ಜಿ ಬೆಳೆಸಿರಬೇಕು, ಬಿಡಿಸಿ ಹೇಳಬೇಕಾಗಲಿಲ್ಲ. "ಹಾಗಾದ್ರೆ ನಾನೇ ಬಂದು ಇನ್ನೊಂದ್ಸಲ ಎಣಿಸ್ತೀನಿ. ಊರಿಗೆ ಮೊದ್ಲೇ ತಿಳಿಸಿ..."

"ತಿಳಿಸಿದ್ರೆ ನೀನೂ ಅತಿಥಿ ಆಗ್ತೀಯ. ಸುಮ್ನೆ ಬಾ. ನನ್ನ ತಂಗಿ ಮಗಳ ಥರ ಬಾ."

ಸೋಮವಾರ ಬೆಳಿಗ್ಗೆ ಬಂದು ಬಸ್ಸು ಹತ್ತಿದಳು, ಹೂವಿನ ಅಂಗಿ, ರಬ್ಬರ್ ಚಪ್ಪಲಿ. ಅವಳ ಕೈಯಲ್ಲಿದ್ದ ಎಣಿಸುವ ಯಂತ್ರ ಕಂಡದ್ದೇ ತಡ, ಟಾರೊ ಮೂಟೆಯೊಂದಿಗೆ ಮಾರುಕಟ್ಟೆಗೆ ಹೊರಟಿದ್ದ ಸಗಪೋಲು ಎದ್ದು ನಿಂತರು. ಅವರನ್ನು ನೋಡಿ ಹಿಂದಿನ ಸಾಲುಗಳೂ ಇಳಿಯಲು ಎದ್ದವು.

"ಕೂತ್ಕೊಳ್ಳಿ ಎಲ್ರೂ," ಎಂದರು ತೆಲೇಸಿಯಮ್ಮ. "ಯಜಮಾನ್ರೇ, ನೀವೂ."

"ಅತಿಥಿ ನಿಂತಿದಾಳಲ್ಲ."

"ಯಾರು ಅತಿಥಿ? ಇವಳು ನನ್ನ ಹುಡುಗಿ," ಎಂದವರೇ ರೂತಾಳ ಸೊಂಟ ಹಿಡಿದೆಳೆದು ತೊಡೆಯ ಮೇಲೆ ಕೂರಿಸಿಕೊಂಡರು.

ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಸಗಪೋಲು ಸ್ವಲ್ಪ ಹೊತ್ತು ನಿಂತೇ ಇದ್ದರು. ಯಾರೂ ಇಳಿಯಲಿಲ್ಲ. ಊರಿಗೆ ಊರೇ ತೆಲೇಸಿಯಮ್ಮನ ಮುಖ ನೋಡುತ್ತಿತ್ತು. ಕೊನೆಗೆ ಅವರೂ ಕೂತರು. ಮುಂದಿನ ಮನೆಯೆದುರು ಹತ್ತಿದ ದಢೂತಿ ಬಡಗಿ ಬೇರೆ ಜಾಗ ಕಾಣದೆ, ಕ್ಷಮೆ ಕೇಳಿಕೊಂಡು, ಮುಖ್ಯಸ್ಥರ ತೊಡೆಯ ಮೇಲೆಯೇ ಕೂತ. ಬೆಟ್ಟ ಇಳಿಯುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಅಮ್ಮ, ಕತ್ತು ತಿರುಗಿಸೋಕೇ ಆಗ್ತಿಲ್ಲ. ಹೇಗೆ ಎಣಿಸ್ಲಿ?"

"ಅದನ್ನೇ ಬರಿ."

ಆಸ್ಪತ್ರೆಯ ಮುಂದೆ ನಿಲ್ಲಿಸಿದೆ. ರೂತಾ ಮೊದಲು ಇಳಿದು, ಕಸಿವಿಸಿಯಿಂದ ಹೇಳಿದಳು: "ನಾನೇನೋ ಗೆರೆ ಹಾಕ್ತೀನಮ್ಮ. ಆದ್ರೆ ಮೇಲಿನೋರು ಒಪ್ಬೇಕು. ಮೂವತ್ತು ವರ್ಷದ ಮಾತು ನೋಡಿ."

ತೆಲೇಸಿಯಮ್ಮ ಬಾಗಿಲ ಕಂಬಿ ಹಿಡಿದು ಒಂದೊಂದೇ ಕಾಲು ಕೆಳಗಿಟ್ಟರು. ರೂತಾ ಚಾಚಿದ ಕೈಯನ್ನು ಹಿಡಿಯಲಿಲ್ಲ.

"ಮೂವತ್ತು ವರ್ಷ ನಾನಿರಲ್ಲ, ಗೊತ್ತು. ಬಸ್ಸು ಇರ್ಬೇಕು. ಒಪ್ಲಿಲ್ಲ ಅಂದ್ರೆ ಆ ಮೇಲಿನೋರನ್ನೂ ಕರ್ಕೊಂಡ್ಬಾ. ನನ್ನ ತೊಡೆ ಅಗಲ ಇದೆ."