ಮಗಳ ಮುಖಕ್ಕೆ ಎರಡು ಲೈಟು

ಅಮೆರಿಕದ ಅಧ್ಯಕ್ಷರ ಮನೆಗೆ ಮೊದಲ ಬಾರಿ ಒಂದು ಕಪ್ಪು ಕುಟುಂಬ ಹೋದ ವರ್ಷ ಅದು. ಪ್ರಮಾಣವಚನವನ್ನು ನಾವು ಕೊಲ್ಲಿ ದೇಶದ ಮಂಗಫ್‌ನ ಫ್ಲ್ಯಾಟಿನಲ್ಲಿ ರೊಟ್ಟಿ ತಿನ್ನುತ್ತ ಟೀವಿಯಲ್ಲಿ ನೋಡಿದೆವು. ನಾನು ಎಂದಿನಂತೆ ಚಿಂತೆಯಲ್ಲಿದ್ದೆ: ಅಷ್ಟು ಜನ, ಅಷ್ಟು ಚಳಿ, ಆ ಮೈಕಿನ ವೈರು ಎಲ್ಲಿಂದ ಎಳೆದಿದ್ದಾರೋ. ರಿಫೈನರಿಯ ಎಲೆಕ್ಟ್ರಿಕಲ್ ಸೂಪರ್‌ವೈಸರನಿಗೆ ಚರಿತ್ರೆ ನಡೆಯುವಾಗಲೂ ಕಣ್ಣು ವೈರಿನ ಮೇಲೆಯೇ. ಆರನೇ ಕ್ಲಾಸಿನ ಮಗಳು ಮಾತ್ರ, ಅಧ್ಯಕ್ಷರ ಪಕ್ಕದಲ್ಲಿ ಬಣ್ಣದ ಕೋಟು ತೊಟ್ಟು ನಿಂತಿದ್ದ ಅವರ ಹೆಣ್ಣುಮಕ್ಕಳನ್ನೇ ನೋಡುತ್ತಿದ್ದಳು.

“ಪಪ್ಪಾ, ದೇ ಆರ್ ಮೈ ಕಲರ್,” ಎಂದಳು.

“ಹೂಂನವ್ವ,” ಎಂದೆ.

ಅವಳದು ನನ್ನ ಬಣ್ಣ. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಸೂಟು, ಹಲ್ಲು ಕಾಣುತ್ತವೆ. ಉಳಿದದ್ದನ್ನು ನೋಡಿದವರು ಊಹಿಸಿಕೊಳ್ಳಬೇಕು. ಆ ಬಣ್ಣ ಮಗಳಿಗೂ ಬಂತಲ್ಲ ಎಂದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ನನಗೆ ಚಿಂತೆ. ಹೆಂಡತಿ ಚಿಂತೆ ಮಾಡುತ್ತ ಕೂರುವವಳಲ್ಲ. ಪ್ರತಿ ಶುಕ್ರವಾರ, ರಜೆಯ ದಿನ, ಕಡಲೆಹಿಟ್ಟಿಗೆ ಮೊಸರು, ಲಿಂಬೆರಸ ಕಲಸಿ ಮಗಳ ಮುಖಕ್ಕೆ ಬಳಿಯುತ್ತಿದ್ದಳು.

ಜೂನಿನಲ್ಲಿ ಅಮೆರಿಕದ ಆ ದೊಡ್ಡ ಕಪ್ಪು ಹಾಡುಗಾರ ತೀರಿಕೊಂಡ. ಮುಂದೆ ನಡೆದಂತೆ ಕಾಣುತ್ತ ಹಿಂದಕ್ಕೆ ಜಾರುವ ಅವನ ಕುಣಿತವನ್ನು ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ನಾನೂ ಪ್ರಯತ್ನಿಸಿ ಬಕೆಟ್ಟಿನ ಮೇಲೆ ಬಿದ್ದಿದ್ದೆ. ಆ ಬೇಸಿಗೆಯಿಡೀ ಟೀವಿಯಲ್ಲಿ ಅವನೇ. ಮಗಳು ಕಾಲುಚೀಲ ಹಾಕಿಕೊಂಡು ಟೈಲ್ಸಿನ ಮೇಲೆ ಜಾರಿ ಜಾರಿ ಕಲಿತಳು. ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದವರು ಅವನ ನೆನಪಿಗೆಂದು ಮಕ್ಕಳ ಡ್ಯಾನ್ಸ್ ಇಟ್ಟಾಗ, ಮುಂದಿನ ಸಾಲಿನ ನಡುವಿನ ಜಾಗ ಅವಳಿಗೇ ಸಿಕ್ಕಿತು.

ಸಂಘದಲ್ಲೊಂದು ಪದ್ಧತಿ. ಸ್ಟೇಜಿಗೆ ಹತ್ತುವ ಮಗು ಯಾವುದೇ ಇರಲಿ, ಮುಖಕ್ಕೆ ಗುಲಾಬಿ ಬಣ್ಣ ಬೀಳಲೇಬೇಕು. ರೈತನೂ ಗುಲಾಬಿ, ಹುಲಿಯ ವೇಷದ ಒಳಗಿರುವವನೂ ಗುಲಾಬಿ. ಹಚ್ಚುವವರು ಡ್ಯಾನ್ಸ್ ಕಲಿಸುವ ಆಂಟಿ. ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸ್. ಮೈದಾನ್ ಹವಲ್ಲಿಯ ಅವರ ಮನೆಯಲ್ಲೇ ಪ್ರಾಕ್ಟೀಸ್. ನನ್ನ ಮಗಳಿಗೆ ಅವರು ಪ್ರತಿ ಸಲ ಎರಡೆರಡು ಬಾರಿ ಹಚ್ಚುತ್ತಿದ್ದರು. ಕುತ್ತಿಗೆಯ ಹತ್ತಿರ ಬಣ್ಣ ಮುಗಿದು ಮಗಳು ಶುರುವಾಗುತ್ತಿದ್ದಳು.

ಕೊನೆಯ ಪ್ರಾಕ್ಟೀಸಿನ ದಿನ ಮಗಳು ಅವರಿಗೆ, “ಆಂಟಿ, ನೋ ಪಿಂಕ್ ಫಾರ್ ಮಿ,” ಎಂದುಬಿಟ್ಟಳು.

“ಹಚ್ಚದಿದ್ರೆ ಹೇಗೆ ಆಗ್ತದೆ?” ಆಂಟಿ ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳಿ ಮಾರಾಯ್ರೆ. ಹಿಂದೆ ಕಪ್ಪು ಪರದೆ, ತಲೆಗೆ ಕಪ್ಪು ಟೊಪ್ಪಿ. ಇವಳು ಕಾಣುವುದೇ ಇಲ್ಲ. ಆ ಹಾಡುಗಾರನೇ ಕೊನೆಗೆ ಬೆಳ್ಳಗಾಗಿದ್ದ ಅಲ್ವಾ, ಇವಳಿಗೆ ಎಂತ ಕಷ್ಟ?”

“ಅದು ಚರ್ಮದ ಬ್ಯಾನಿ ಅಂತ್ರೀ. ನರ್ಸ್ ಆಗಿ ನೀವ ಹಿಂಗಂದ್ರ ಹೆಂಗ್ರೀ?”

“ಆಯ್ತು, ಬಣ್ಣ ಬೇಡದಿದ್ರೆ ಹಿಂದಿನ ಸಾಲಿಗೆ ಹೋಗ್ಲಿ. ಮುಂದೆ ನಿಂತು ಕಾಣದಿದ್ರೆ ಬೈಗುಳ ತಿನ್ನುವುದು ನಾನು.”

ಮಗಳು ನನ್ನ ಮುಖ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು, ಐಸ್‌ಕ್ರೀಮ್ ಕೊಡಿಸಿ ಮುಗಿಸುತ್ತಿದ್ದೆ.

ಕಾರಿನಲ್ಲಿ ಚಿಂತೆಗಳು ಸಾಲುಗಟ್ಟಿದವು. ಆಂಟಿ ಮುನಿಸಿಕೊಂಡರೆ? ನಿಜಕ್ಕೂ ಮಗಳು ಕಾಣದೇ ಹೋದರೆ? ಹಾಗೆ ಚಿಂತಿಸುತ್ತಿರುವಾಗಲೇ ನನಗೆ ನಗು ಬಂತು. ಸಂಘದ ಸ್ಟೇಜಿಗೆ ವರ್ಷ ವರ್ಷವೂ ಲೈಟು ಕಟ್ಟುತ್ತಿದ್ದವನು ನಾನೇ. ಗುಲಾಬಿ ಮುಖಗಳಿಗೆ ಒಗ್ಗುತ್ತದೆಂದು ಎದುರಿನಿಂದ ಬಿಳಿ ಬೆಳಕು ಚೆಲ್ಲಿ ಸುಮ್ಮನಾಗುತ್ತಿದ್ದೆ. ಪ್ಲಾಂಟಿನಲ್ಲಿ ಮೀಟರು ಕತ್ತಲಲ್ಲಿದ್ದರೆ ಮೀಟರಿಗೆ ಸುಣ್ಣ ಬಳಿಯುತ್ತೇವೆಯೇ?

ಗಾಡಿಯನ್ನು ನೇರ ರಾಯ್ ಬಡಾವಣೆಗೆ ತಿರುಗಿಸಿದೆ. ಅಲ್ಲಿಯ ಅಂಗಡಿಯೊಂದರಿಂದ ಎರಡು ಸ್ಪಾಟ್‌ಲೈಟು, ಅವುಗಳ ಮುಂದೆ ಕಟ್ಟಲು ಜೇನಿನ ಬಣ್ಣದ ಹಾಳೆ ಬಾಡಿಗೆಗೆ ತಂದೆ. ಮನೆಯಲ್ಲಿ ಹೆಂಡತಿಯ ಕಪ್ಪು ಸೀರೆಯನ್ನೇ ಪರದೆ ಮಾಡಿ, ಮಗಳನ್ನು ಅದರ ಮುಂದೆ ನಿಲ್ಲಿಸಿ, ಎರಡೂ ಬದಿಯಿಂದ ಬೆಳಕು ಬಿಟ್ಟೆ. ಹುಬ್ಬು, ಮೂಗು, ಕೆನ್ನೆ ಎಲ್ಲ ಎದ್ದು ಬಂದವು. ಸೀರೆಗಾಗಿ ಜಗಳಕ್ಕೆ ಬಂದ ಹೆಂಡತಿ ಅಲ್ಲೇ ನಿಂತಳು.

“ನಿಮ್ಮವ್ವನ್ನ ಕಂಡಂಗ ಆತಲ್ರೀ,” ಎಂದಳು.

ಹೊಗಳಿಕೆಯೋ ಅಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾರ್ಯಕ್ರಮದ ಸಂಜೆ ಆಂಟಿ ಸ್ಪಂಜು ಹಿಡಿದು ಬಂದಾಗ ಹೆಂಡತಿ ಮಗಳಿಗೆ ಅಡ್ಡ ನಿಂತಳು. “ಆಕೀಗೆ ಬ್ಯಾಡ್ರೀ.”

“ಮುಂದನ ನಿಲ್ತಾಳ್ರೀ,” ಎಂದೆ ನಾನು. “ಕಾಣ್ಲಿಲ್ಲಂದ್ರ ಬೈಗುಳ ನನಗಿರ್ಲಿ.”

ಆಂಟಿ ಮೂವರನ್ನೂ ನೋಡಿದರು. “ಯಲ್ಲಾ, ಆಗ್ಲಿ, ನಿಮ್ಮ ಲೈಟು ಒಂದು ನೋಡುವ.”

ಫ್ಯೂಸು ಹೋದರೆ, ಹಾಳೆ ಹರಿದರೆ ಎಂದುಕೊಳ್ಳುತ್ತಲೇ ಸ್ವಿಚ್ಚು ಒತ್ತಿದೆ. ಗುಲಾಬಿ ಮುಖಗಳ ನಡುವೆ ಮಗಳು ಕುತ್ತಿಗೆಯಿಂದ ಹಣೆಯವರೆಗೆ ಒಂದೇ ಬಣ್ಣದಲ್ಲಿ ನಿಂತಿದ್ದಳು. ಟೊಪ್ಪಿಯ ಅಂಚು ಹಿಡಿದು ಹಿಂದಕ್ಕೆ ಜಾರಿದಳು, ಯಾವ ಬಕೆಟ್ಟಿಗೂ ತಾಗದೆ. ಹಾಲ್ ಕೂಗಿಕೊಂಡಿತು. ಆಂಟಿ ಕೊನೆಯ ಸಾಲಿನವರೆಗೆ ಹೋಗಿ ನೋಡಿ ಬಂದರು.

“ಕಾಣ್ತಾಳೆ ಮಾರಾಯ್ರೆ, ಚೆಂದ ಕಾಣ್ತಾಳೆ. ಆದ್ರೆ ಈಗ ಉಳಿದವ್ರೆಲ್ಲ ಜ್ವರ ಬಂದವರ ಹಾಗೆ ಕಾಣ್ತಾರೆ.”

ಮುಂದಿನ ಶುಕ್ರವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯಲ್ಲಿ ಕಡಲೆಹಿಟ್ಟು ಕಲಸುವುದು ಕಂಡು, ಮತ್ತೆ ಮಗಳ ಮುಖಕ್ಕೇ ಎಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ಪಕ್ಕದ ತಾಟಿನಲ್ಲಿ ಸೀಳಿಟ್ಟ ಹಸಿಮೆಣಸಿನಕಾಯಿ, ಒಲೆಯ ಮೇಲೆ ಎಣ್ಣೆ. ಮೊದಲ ಭಜಿ ತನಗೇ ಎಂದು ಮಗಳು ಬಾಣಲೆಗೆ ಬಾಗಿ ನಿಂತಿದ್ದಳು. ಎಣ್ಣೆ ಸಿಡಿದೀತೆಂದು ಚಿಂತಿಸುತ್ತ ನಾನು ಬಾಗಿಲಲ್ಲೇ ನಿಂತೆ.