ಕಂಪ್ಯೂಟರ್‌ಗೆ ಕಾಣಬೇಕಲ್ಲ

ಅಂಗಡಿಯ ಪ್ರಿಂಟರಿನಲ್ಲಿ ಹಾಳೆ ಮುಗಿದಿತ್ತು. ಹೊಸ ಕಟ್ಟು ತೆಗೆಯಲು ಮೇಜಿನ ಕೆಳಗಿನ ಡ್ರಾಯರ್ ಎಳೆದರೆ, ತಳದಲ್ಲಿ ಮಡಚಿಟ್ಟ ಒಂದು ಪ್ರಿಂಟ್ ಸಿಕ್ಕಿತು. ಥಂಡಿಗೆ ಅಂಚು ಮೆತ್ತಗಾಗಿ ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ಬಿಡಿಸಿ ನೋಡಿದೆ. ಲೈಫ್ ಸರ್ಟಿಫಿಕೇಟ್. ಪಿಂಚಣಿದಾರರು ವರ್ಷಕ್ಕೊಂದು ಸಲ, ತಾವಿನ್ನೂ ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸುವ ಕಾಗದ. ಮೂಲೆಯ ಸಣ್ಣ ಫೋಟೋದಲ್ಲಿ ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಅವರು ತೀರಿಕೊಂಡು ಮೂರು ತಿಂಗಳಾಗಿದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಸುದ್ದಿ ತಂದ ಪಕ್ಕದ ಬ್ಯಾಗ್ ಅಂಗಡಿಯ ಸಾಹೇಬರೂ ಅದನ್ನೇ ಹೇಳಿದರು. "ಹೋಗ್ಲಿ ಬಿಡಮ್ಮ, ಹೋದೋರ ಮೇಲೆ ಎಂತ ಸಿಟ್ಟು?" ಕಾಲೇಜಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ 'ವಿದ್ಯಾರ್ಥಿಗಳ ಆಪದ್ಬಾಂಧವ' ಎಂದು ದೊಡ್ಡದಾಗಿ ಬರೆಸಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು! ಆ ಆಪದ್ಬಾಂಧವರು ನನಗೆ ಏನು ಮಾಡಿದರು ಎಂದು ಬರೆಯದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಅವರು ಕೊಪ್ಪದಲ್ಲಿ ನಾನು ಬಿಎಸ್ಸಿ ಓದಿದ ಕಾಲೇಜಿನ ಸೂಪರಿಂಟೆಂಡೆಂಟ್. ನಾವು 'ಆಫೀಸ್ ಸಾರ್' ಅನ್ನುತ್ತಿದ್ದೆವು. ದಿನಾ ಎನ್.ಆರ್.ಪುರದಿಂದ ಬಸ್ಸಿನಲ್ಲಿ ಬಂದು, ಪ್ರಿನ್ಸಿಪಾಲರಿಗಿಂತ ಮೊದಲೇ ಕುರ್ಚಿಯಲ್ಲಿರುತ್ತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ನೀಲಿ ಒಂದು, ಕೆಂಪು ಒಂದು ಪೆನ್ನು. ಯಾರಿಗೂ ದನಿ ಏರಿಸಿ ಬೈದವರಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಇವರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಮೆತ್ತಗೆ ನಮ್ಮ ಕಡೆಗೇ ಸರಿಸುತ್ತಿದ್ದರು.

ಕೊರೋನಾ ಎರಡನೇ ಅಲೆ ಇಳಿದು ಕಾಲೇಜು ತೆರೆದ ಹೊತ್ತು ಅದು. ಕೊನೆಯ ವರ್ಷದವರಿಗೆ ಪ್ರಾಕ್ಟಿಕಲ್ ಪರೀಕ್ಷೆ ಗೊತ್ತಾಯಿತು. ಜೊತೆಗೇ ಸುತ್ತೋಲೆ ಬಂತು, ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ತಪ್ಪೇನಿಲ್ಲ. ಊರೂರಲ್ಲಿ ಜನ ಸಾಯುತ್ತಿದ್ದರು, ನಿಯಮ ಬೇಕಿತ್ತು. ನಾನು ಲಸಿಕೆ ಹಾಕಿಸಿಕೊಂಡೂ ಇದ್ದೆ. ಕಿಗ್ಗದ ಶಾಲೆಯಲ್ಲಿ ಕ್ಯಾಂಪ್ ಆದಾಗ, ಎರಡು ಗಂಟೆ ಸಾಲಿನಲ್ಲಿ ನಿಂತು, ತೋಳು ಕೊಟ್ಟು ಬಂದಿದ್ದೆ.

ಯಡವಟ್ಟಾಗಿದ್ದು ಫೋನ್ ನಂಬರಿನಲ್ಲಿ. ನಮ್ಮೂರು ಸಿರಿಮನೆಯಲ್ಲಿ ಆಗ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಒಟಿಪಿ ಬರುವಷ್ಟರಲ್ಲಿ ಅದರ ಗಡುವು ಮುಗಿದಿರುತ್ತಿತ್ತು. ಅದಕ್ಕೇ ನಮ್ಮ ಕಡೆಯವರು ಗ್ಯಾಸ್ ಬುಕ್ಕಿಂಗಿಗಾಗಲಿ, ಬ್ಯಾಂಕಿಗಾಗಲಿ, ಶೃಂಗೇರಿಗೆ ಜೀಪ್ ಹೊಡೆಯುವ ಅಣ್ಣನ ನಂಬರು ಕೊಡುವುದು ರೂಢಿ. ಅವನು ಸಾಯಂಕಾಲ ಜೀಪ್ ನಿಲ್ಲಿಸಿ ಯಾರ್ಯಾರಿಗೆ ಏನೇನು ಮೆಸೇಜ್ ಬಂದಿದೆ ಎಂದು ಕೂಗಿ ಹೇಳುತ್ತಿದ್ದ. ಲಸಿಕೆಗೂ ಊರಿನ ಆಶಾ ಕಾರ್ಯಕರ್ತೆ, ನಾವು ಆಶಾ ಅಕ್ಕ ಅನ್ನುವವಳು, ಅವನ ನಂಬರನ್ನೇ ಹಾಕಿದ್ದಳು. ಸರ್ಟಿಫಿಕೇಟ್ ತೆಗೆಯಲು ಆ ನಂಬರಿಗೆ ಬರುವ ಒಟಿಪಿ ಬೇಕು. ನೋಡಿದರೆ ಜೀಪಿನಣ್ಣನಿಗೇ ಕೊರೋನಾ ಬಂದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ. ಆಕ್ಸಿಜನ್ ಹಾಕಿದ್ದರು. ಫೋನ್ ಸ್ವಿಚ್ ಆಫ್.

ಮೊದಲ ಸಲ ಆಶಾ ಅಕ್ಕ ಸಹಿ ಮಾಡಿ ಕೊಟ್ಟ ಚೀಟಿ ಹಿಡಿದುಕೊಂಡು ಹೋದೆ. ಆಫೀಸ್ ಸಾರ್ ಅದನ್ನು ಓದಿ ನನ್ನ ಕಡೆಗೆ ಸರಿಸಿದರು.

"ಇದು ಚೀಟಿ. ನಾನು ಕೇಳಿದ್ದು ಸರ್ಟಿಫಿಕೇಟ್."

ತೋಳು ಇನ್ನೂ ಊದಿಕೊಂಡೇ ಇತ್ತು. ಚೂಡಿದಾರದ ತೋಳು ಮಡಚಿ ತೋರಿಸಿದೆ.

"ಇರುವೆ ಕಚ್ಚಿದ್ರೂ ಊದ್ತದೆ," ಅಂದರು. ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಆ ನಗು ಇದೆಯಲ್ಲ... ಅದರಲ್ಲಿ ಯಾರ್ಯಾರ ದನಿ ಇತ್ತು ಎಂದು ಇವತ್ತಿಗೂ ಹೇಳಬಲ್ಲೆ.

ಎರಡನೇ ಸಲ ಆಶಾ ಅಕ್ಕನನ್ನೇ ಕರೆದುಕೊಂಡು ಹೋದೆ. ಪಾಪ, ಅವಳು ಮನೆಮನೆ ಸುತ್ತುವ ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ ನನ್ನ ಜೊತೆ ಬಂದಳು. ಕಿಟಕಿಯಲ್ಲಿ ಬಗ್ಗಿ ಹೇಳಿದಳು. "ನಾನೇ ಎದುರಿಗೆ ನಿಂತು ಹಾಕ್ಸಿದ್ದು ಸಾರ್. ಇವಳು ಸುಳ್ಳು ಹೇಳೋ ಹುಡುಗಿ ಅಲ್ಲ. ನಮ್ಮ ರಿಜಿಸ್ಟರ್‌ನಲ್ಲೂ ಹೆಸರಿದೆ, ನೋಡಿ."

ಅವರು ರಿಜಿಸ್ಟರ್ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಆ ಮಾತು ಬಂತು.

"ನನಗೆ ಕಾಣ್ತದೆ ಮಾರಾಯ್ತಿ. ಕಂಪ್ಯೂಟರ್‌ಗೆ ಕಾಣಬೇಕಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಪ್ರಿನ್ಸಿಪಾಲರು ಕ್ವಾರಂಟೈನಿನಲ್ಲಿದ್ದರು. ಕೆಮಿಸ್ಟ್ರಿ ಮೇಡಂ, "ಆಫೀಸಿಂದ ಸಹಿ ತಗೊಂಡು ಬಾ, ನಾನು ಒಳಗೆ ಕೂರಿಸ್ತೀನಿ," ಅಂದರು. ಎಲ್ಲ ದಾರಿಯೂ ಸುತ್ತಿ ಬಳಸಿ ಆ ಒಂದು ಮೇಜಿಗೇ ಬಂದು ನಿಲ್ಲುತ್ತಿತ್ತು.

ಮೂರನೇ ಸಲ ಪರೀಕ್ಷೆಯ ದಿನವೇ ಹೋದೆ. ಅವರ ಕಿಟಕಿಯ ಪಕ್ಕದ ಗೋಡೆಗೆ ಒಂದು ನೋಟೀಸು ಅಂಟಿಸಿದ್ದರು. 'ಕೋವಿಡ್ ವಿದ್ಯಾರ್ಥಿ ಸಹಾಯ ಕೇಂದ್ರ. ಯಾವುದೇ ತೊಂದರೆಗೆ ಕರೆ ಮಾಡಿ.' ಕೆಳಗೆ ನಂಬರು. ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಅಲ್ಲೇ ನಿಂತು ಫೋನ್ ಮಾಡಿದೆ. ಒಳಗೆ ಆಫೀಸ್ ಸಾರ್ ಮೇಜಿನ ಮೇಲಿದ್ದ ಫೋನ್ ರಿಂಗಾಯಿತು. ಅವರು ಅದನ್ನು ಎತ್ತಿ, ಸ್ಕ್ರೀನ್ ನೋಡಿ, ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಕಿವಿಯಲ್ಲಿ ಫೋನಿತ್ತು. ನನ್ನನ್ನು ನೋಡುತ್ತಲೇ ಕಟ್ ಮಾಡಿದರು.

ಲ್ಯಾಬಿನ ಕಿಟಕಿಯ ಹೊರಗೆ ನಿಂತು ನೋಡಿದೆ. ನನ್ನ ರಿಜಿಸ್ಟರ್ ನಂಬರಿನ ಜಾಗದಲ್ಲಿ ಬ್ಯೂರೆಟ್ಟಿನ ಗಾಜಿನ ಕೊಳವೆ ತುಂಬಿಸಿ ಇಟ್ಟಿದ್ದರು. ಮೂರು ಗಂಟೆ ಹೊತ್ತು ಅದು ಹಾಗೇ ತುಂಬಿಕೊಂಡು ನಿಂತಿತ್ತು.

ನಾಲ್ಕು ದಿನ ಬಿಟ್ಟು ಜೀಪಿನಣ್ಣನಿಗೆ ಉಸಿರು ತಿರುಗಿತು. ಫೋನ್ ಹಚ್ಚಿ, ಕೆಮ್ಮುತ್ತಾ ಒಟಿಪಿ ಹೇಳಿದ. ಸರ್ಟಿಫಿಕೇಟ್ ತೆಗೆಸಿ ಓಡೋಡಿ ಹೋಗಿ ಅವರ ಮುಂದಿಟ್ಟೆ. ಏನಾದರೂ ದಾರಿ ತೋರಿಸುತ್ತಾರೇನೋ ಎಂಬ ಆಸೆ. "ಈಗ ಸರಿ ಇದೆ," ಅಂದರು. ಸೀಲು ಹೊಡೆದು ಅದರ ಪ್ರತಿಯನ್ನು ಫೈಲಿಗೆ ಸೇರಿಸಿದರು. ಅಷ್ಟೇ.

ನನಗೆ ಎಂಎಸ್ಸಿ ಮಾಡಿ ಕೆಮಿಸ್ಟ್ರಿ ಲೆಕ್ಚರರ್ ಆಗಬೇಕಿತ್ತು. ಒಂದು ವರ್ಷ ಹೋಯಿತು. ಮರುವರ್ಷ ಪ್ರಾಕ್ಟಿಕಲ್ ಬರೆದು ಪಾಸಾದೆ, ಆದರೆ ಅಷ್ಟರಲ್ಲಿ ಮನೆಯವರ ಮನಸ್ಸು ಮುರಿದಿತ್ತು. ಇನ್ನು ಓದಿದ್ದು ಸಾಕು ಅಂದರು. "ಎಂತ ಮಾಡದು ಕೂಸೆ, ಹಣೆಬರಹ," ಎಂದು ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಹಣೆಬರಹವಂತೆ! ಹಾಜರಿ ಹಾಳೆಯಲ್ಲಿ ಕೆಂಪು ಪೆನ್ನಿನಿಂದ 'ಗೈರು' ಎಂದು ಬರೆದ ಕೈ ಯಾವುದೆಂದು ನನಗೆ ಗೊತ್ತಿತ್ತು.

ನಾನು ಹಟದವಳು. ಕೊಪ್ಪದ ಬಾಳಗಡಿಯಲ್ಲಿ ಇರಲು ಬಾಡಿಗೆ ಕೋಣೆ ಹಿಡಿದೆ. ಕಾಲೇಜಿನ ಗೇಟಿನ ಎದುರು, ರಸ್ತೆಯಾಚೆ, ಸರಿಯಾಗಿ ಅವರ ಕಿಟಕಿಗೆ ಮುಖ ಮಾಡಿ ಕಂಪ್ಯೂಟರ್ ಅಂಗಡಿ ತೆರೆದೆ. ನನ್ನ ಲಸಿಕೆ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಒಳಗಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಅಲ್ಲಿಂದ ಅವರಿಗೆ ಅದು ಕಾಣುತ್ತಿರಲಿಲ್ಲ, ನನಗೂ ಗೊತ್ತಿತ್ತು. ಕಾಣದಿದ್ದರೂ ಇರಲಿ ಎಂದು ಹಾಕಿದೆ. ಅವರು ಕಾಗದ ಸರಿಯಿಲ್ಲವೆಂದು ವಾಪಸು ಕಳಿಸಿದ ಮಕ್ಕಳು ನೇರ ನನ್ನ ಹತ್ತಿರ ಬರುತ್ತಿದ್ದರು. ಹತ್ತು ನಿಮಿಷದಲ್ಲಿ ಎಲ್ಲ ಸರಿಮಾಡಿ ಮತ್ತೆ ಅದೇ ಕಿಟಕಿಗೆ ಅಟ್ಟುತ್ತಿದ್ದೆ. ಅವರು ಸೀಲು ಹೊಡೆಯುವುದನ್ನು ಇಲ್ಲಿಂದ ನೋಡಿ ಖುಷಿಪಡುತ್ತಿದ್ದೆ. ಎಷ್ಟು ಸೇವೆ ಮಾಡ್ತೀಯಮ್ಮ ಎಂದು ಸಾಹೇಬರು ಹೊಗಳುವರು. ಸೇವೆಯಂತೆ, ಮಣ್ಣು! ನನಗಿದ್ದದ್ದು ಹೊಟ್ಟೆಯುರಿ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅವರು ನಿವೃತ್ತರಾಗಿ, ಹಾರ ಹಾಕಿಸಿಕೊಂಡು, ಒಮ್ಮೆಯೂ ಈ ಕಡೆ ತಿರುಗಿ ನೋಡದೆ ಬಸ್ಸು ಹತ್ತಿದರು.

ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಅಂಗಡಿಯ ಮೆಟ್ಟಿಲಲ್ಲಿ ಅವರು ನಿಂತಿದ್ದರು. ಸೊರಗಿದ್ದರು. ಶರ್ಟಿಗೆ ಇಸ್ತ್ರಿ ಮಾತ್ರ ಹಾಗೇ ಇತ್ತು.

"ಲೈಫ್ ಸರ್ಟಿಫಿಕೇಟ್ ಮಾಡಿಸ್ಬೇಕಿತ್ತಮ್ಮ," ಅಂದರು.

ನನ್ನ ಗುರುತು ಹತ್ತಿದ ಲಕ್ಷಣವೇ ಇರಲಿಲ್ಲ. ಅವರ ವಿವರ ಹಾಕಿದೆ. ದಾಖಲೆಯಲ್ಲಿರುವ ನಂಬರಿಗೆ ಒಟಿಪಿ ಕಳಿಸಿದ್ದೇನೆ ಎಂದು ಕಂಪ್ಯೂಟರ್ ತೋರಿಸಿತು, ಜೊತೆಗೆ ಆ ನಂಬರಿನ ಕೊನೆಯ ನಾಲ್ಕು ಅಂಕಿ. ಆ ಅಂಕಿ ನನಗೆ ಬಾಯಿಪಾಠ. ಸಹಾಯ ಕೇಂದ್ರದ ನಂಬರು! ಕಾಲೇಜಿನ ಫೋನು ಕೈಯಲ್ಲಿದ್ದ ಕಾಲಕ್ಕೆ ತಮ್ಮ ಸ್ವಂತದ ಎಲ್ಲ ಕೆಲಸಕ್ಕೂ ಅದನ್ನೇ ಕೊಟ್ಟುಕೊಂಡಿದ್ದರು ಪುಣ್ಯಾತ್ಮರು. ನಿವೃತ್ತಿಯ ದಿನ ಫೋನು ಕಾಲೇಜಿಗೆ ವಾಪಸಾಗಿತ್ತು.

ನಂಬರು ಬದಲಿಸುವ ದಾರಿ ನನಗೆ ಗೊತ್ತಿತ್ತು. ದಿನಕ್ಕೆ ನಾಲ್ಕು ಜನರಿಗೆ ಮಾಡಿಕೊಡುತ್ತೇನೆ. ಬಾಯಿ ಬಿಡಲಿಲ್ಲ.

"ಒಟಿಪಿ ಇಲ್ದೆ ಆಗಲ್ಲ ಸಾರ್."

"ನಾನೇ ಬಂದು ನಿಂತಿದೀನಲ್ಲಮ್ಮ ಎದುರಿಗೆ."

"ನೀವು ಬದುಕಿರೋದು ನನಗೆ ಕಾಣ್ತದೆ ಸಾರ್. ಕಂಪ್ಯೂಟರ್‌ಗೆ ಕಾಣಬೇಕಲ್ಲ."

ಆಹಾ! ನಾಲ್ಕು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು. ಅವರು ಕಾಗದ ಮಡಚಿಕೊಂಡು ಹೋದರು. ಅವತ್ತು ಮಧ್ಯಾಹ್ನ ಹೋಟೆಲಿನಲ್ಲಿ ಊಟದ ಮೇಲೆ ಜಾಮೂನು ತರಿಸಿಕೊಂಡು ತಿಂದೆ.

ಮಾರನೇ ದಿನವೂ ಬಂದರು. ಕಾಲೇಜಿನಲ್ಲಿ ಕೇಳಿದರೆ ಆ ಫೋನ್ ಎಲ್ಲಿದೆಯೆಂದೇ ಯಾರಿಗೂ ಗೊತ್ತಿಲ್ಲವಂತೆ. ಕೂರಿ ಅನ್ನಲಿಲ್ಲ ನಾನು. ಅವರು ನನ್ನನ್ನು ಯಾವತ್ತು ಕೂರಿಸಿದ್ದರು? ಸಾಹೇಬರೇ ತಮ್ಮ ಅಂಗಡಿಯಿಂದ ಸ್ಟೂಲು ತಂದಿಟ್ಟು, "ವಯಸ್ಸಾದೋರು ಅಲ್ವೇನಮ್ಮ," ಎಂದು ನನ್ನ ಮುಖ ನೋಡಿದರು. ನಾನು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಮತ್ತೆ ಬರಿಗೈಯಲ್ಲಿ ಹೋದರು. ಎನ್.ಆರ್.ಪುರದ ಬಸ್ಸು ಬರುವ ತನಕ ಗೇಟಿನ ಹತ್ತಿರ ನಿಂತು ಕೆಮ್ಮುವುದು ಕೇಳುತ್ತಿತ್ತು.

ಮೂರನೇ ದಿನ ಬಂದವರ ಕೈಯಲ್ಲಿ ಆ ಹಳೆಯ ಫೋನೇ ಇತ್ತು. ಯಾರದೋ ಕಾಲು ಹಿಡಿದು, ಬೀರು ತೆಗೆಸಿ, ಹುಡುಕಿಸಿ, ಚಾರ್ಜ್ ಮಾಡಿಸಿಕೊಂಡು ಬಂದಿದ್ದರು. ಇನ್ನು ನೆಪ ಹೇಳುವ ಹಾಗಿರಲಿಲ್ಲ. ಒಟಿಪಿ ಬಂತು, ಒಂದೊಂದೇ ಅಂಕಿ ಓದಿ ಹೇಳಿದರು, ಬೆರಳಚ್ಚು ಒತ್ತಿದರು. ಪ್ರಿಂಟ್ ಹೊರಬಂತು.

"ಮೂರು ಸಲ ಆಯ್ತು," ಅಂದರು.

"ಏನು ಸಾರ್?"

ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟ್ ನೋಡುತ್ತಾ ಹೇಳಿದರು. "ಸಿರಿಮನೆ ಹುಡುಗಿ ಅಲ್ವಾ ನೀನು? ಪರೀಕ್ಷೆಗೆ ಬಿಡಿ ಅಂತ ನೀನೂ ಮೂರು ಸಲ ಬಂದಿದ್ದೆ. ಮೂರನೇ ಸಲ ಈ ಫೋನಿಗೇ ಮಾಡಿದ್ದೆ."

ತಲೆ ಎತ್ತಿ ನೋಡಿದೆ. "ನಿಮಗೆ ನೆನಪಿತ್ತಾ?"

"ಎನ್.ಆರ್.ಪುರದಲ್ಲಿ ಇಂಥ ಅಂಗಡಿ ಇಲ್ವಾ ಮಾರಾಯ್ತಿ?"

ಇವೆ. ಬಸ್ ಸ್ಟ್ಯಾಂಡಿನ ಸುತ್ತ ಬೇಕಾದಷ್ಟಿವೆ. ಕೇಳಿಯೇಬಿಟ್ಟೆ. "ಅವತ್ತು ಬಿಡಬಹುದಿತ್ತಲ್ಲ ಸಾರ್ ನನ್ನ?"

"ಬಿಡಬಹುದಿತ್ತು," ಅಂದರು.

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಸ್ಟೂಲಿನಿಂದ ಎದ್ದು, ಪ್ರಿಂಟನ್ನು ಓದಿ ನೋಡಿ, ಎರಡು ಬೆರಳಲ್ಲಿ ಮೆತ್ತಗೆ ನನ್ನ ಕಡೆಗೇ ಸರಿಸಿದರು. "ಕಂಪ್ಯೂಟರ್‌ಗೆ ಕಂಡ್ತಲ್ಲ. ಕಾಗದ ನೀನೇ ಇಟ್ಕೊ." ಫೋನನ್ನು ಕಾಲೇಜಿಗೆ ವಾಪಸು ಕೊಡಲು ರಸ್ತೆ ದಾಟಿದರು.

ಮರೆತಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಸಾವಿರ ಮಕ್ಕಳಲ್ಲಿ ಒಬ್ಬಳು, ಎಲ್ಲಿ ನೆನಪಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಎಲ್ಲ ನೆನಪಿತ್ತು ಅವರಿಗೆ. ನೆನಪಿಟ್ಟುಕೊಂಡೇ ಎರಡು ವರ್ಷ ನನ್ನ ಎದುರಿಗೆ ಸೀಲು ಹೊಡೆಯುತ್ತಾ ಕೂತಿದ್ದರು. ಆಮೇಲೆ ತಾವಾಗಿಯೇ ಬಂದು, ಮೂರು ಸಲ ಅಲೆದು, ಇಷ್ಟು ಸಾಕು ಎಂದು ತಾವೇ ತೀರ್ಮಾನಿಸಿ ಎದ್ದುಹೋದರು. ಸಾಕು ಅನ್ನಬೇಕಾದವಳು ನಾನಲ್ಲವಾ? ನನಗೆ ಸಾಕಾಗಿರಲಿಲ್ಲ. ಬರುವ ನವೆಂಬರಿಗೆ ಕಾಯುತ್ತಿದ್ದೆ. ಕುರ್ಚಿ ಹಾಕಿ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಕೇಳುವ ಮಾತುಗಳು ಇನ್ನೂ ಇದ್ದವು... ಅಷ್ಟರಲ್ಲಿ ಸಾಹೇಬರು ಸುದ್ದಿ ತಂದರು. ಅದಕ್ಕೂ ಅವಕಾಶ ಕೊಡಲಿಲ್ಲ ಮಹಾನುಭಾವರು.

ಡ್ರಾಯರಿನಲ್ಲಿ ಸಿಕ್ಕ ಪ್ರಿಂಟನ್ನು ಹರಿದೆ. ಹರಿಯಲು ಕೈ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಎದುರಿನ ಕಿಟಕಿಯಲ್ಲಿ ಈಗ ಒಬ್ಬ ಹೊಸ ಹುಡುಗಿ ಕೂರುತ್ತಾಳೆ. ಒಳ್ಳೆಯವಳು, ಎಲ್ಲರಿಗೂ ನಗುತ್ತಾ ಸಹಿ ಹಾಕಿಕೊಡುತ್ತಾಳೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬೆಳಿಗ್ಗೆ ಶಟರ್ ಎತ್ತುವಾಗ ಆ ಕಡೆಗೊಮ್ಮೆ ಕೆಕ್ಕರಿಸಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ನೋಡುತ್ತೇನೆ, ಆಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಯಾಕೋ ಬುಟ್ಟಿಯಿಂದ ಒಂದು ಚೂರು ಎತ್ತಿಕೊಂಡೆ. ಅದರಲ್ಲಿದ್ದ ಸರ್ಟಿಫಿಕೇಟ್ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಪುಟ ತೆರೆಯಿತು. ಅದೇ ಫೋಟೋ, ಕನ್ನಡಕದ ಮೇಲಿನಿಂದ ಅದೇ ಕಣ್ಣು. ಬರುವ ನವೆಂಬರಿನ ತನಕ ಬದುಕಿದ್ದಾರೆಂದು ಬರೆದಿತ್ತು. ಕಂಪ್ಯೂಟರ್‌ಗೆ ಇನ್ನೂ ಕಾಣುತ್ತಿದ್ದಾರೆ. ನನಗೆ ಕಾಣುತ್ತಿಲ್ಲ.